ಶಿರಸಿ–ಕಾರವಾರ ಓಡಾಟ: ಸಣ್ಣ ಕಾರಿಗೆ ಸಾಮಾನು ಹೇಗೆ ತುಂಬುತ್ತೀರಿ?

ಕೇಳಿದವರು, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮಿಬ್ಬರಿಗೂ ಕೆಲಸ ಕಾರವಾರದಲ್ಲಿ. ಗಂಡನ ಮನೆ ಶಿರಸಿ ಕಡೆ, ತೋಟದ ಮನೆ. ಈಗಷ್ಟೇ ಒಂದು ಸಣ್ಣ ಹ್ಯಾಚ್‌ಬ್ಯಾಕ್ ತಗೊಂಡಿದ್ದೇವೆ. ಊರಿಗೆ ಹೋದರೆ ಅತ್ತೆ ಬರಿಗೈಯಲ್ಲಿ ಕಳಿಸುವವರಲ್ಲ. ಅಕ್ಕಿ ಚೀಲ, ತೆಂಗಿನಕಾಯಿ, ಬಾಳೆಗೊನೆ, ಸೀಸನ್ನಿನಲ್ಲಿ ಹಲಸು, ಉಪ್ಪಿನಕಾಯಿಗೆ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಎಲ್ಲ ಹೇರುತ್ತಾರೆ. ಹಿಂದಿನ ಸೀಟಲ್ಲಿ ಐದು ವರ್ಷದ ಮಗಳು, ಕೆಲವು ಸಲ ಅತ್ತೆ-ಮಾವ. ದೇವಿಮನೆ ಘಟ್ಟ ಇಳಿಯುವಾಗ ಡಿಕ್ಕಿಯಲ್ಲಿ ಏನೇನೋ ಉರುಳಾಡುವ ಸದ್ದು. ಇವರು ಮೇಲೊಂದು ಕ್ಯಾರಿಯರ್ ಹಾಕಿಸೋಣ ಅಂತಾರೆ. ಕಾರಿನೊಳಗೆ ಇಷ್ಟೊಂದು ಕೊಕ್ಕೆ, ಬಟನ್, ಲಿವರ್ ಇವೆ, ಅರ್ಧಕ್ಕರ್ಧ ಯಾಕಿವೆ ಅಂತಲೇ ಗೊತ್ತಿಲ್ಲ. ಹೀಗೆ ಓಡಾಡುವವರು ನಿಮ್ಮ ಅನುಭವ ಹೇಳಿ.

ಕುಮಟಾ, ಬಾಡಿಗೆ ಕಾರು ಓಡಿಸುವವನು

ತಂಗಿ, ಮೊದಲು ಆ ಉರುಳಾಡುವ ಸದ್ದಿನ ವಿಷಯ. ಎಷ್ಟು ಭಾರ ಇದೆ ಅನ್ನುವುದು ಆಮೇಲೆ, ಯಾವುದು ಸಡಿಲ ಇದೆ ಅನ್ನುವುದನ್ನೇ ನಾನು ಮೊದಲು ನೋಡುವುದು. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಕಾರು ಎಲ್ಲೋ ಗುದ್ದಿ ನಿಂತಿತು ಅಂತ ಇಟ್ಟುಕೊಳ್ಳಿ. ಕಾರು ನಿಂತರೂ ಹಿಂದೆ ಬಿಡಿಯಾಗಿ ಇಟ್ಟ ಕಾಯಿ ನಿಲ್ಲುವುದಿಲ್ಲ. ಸುಮಾರು 10 ಮೀಟರ್ ಎತ್ತರದ ಮರದಿಂದ ಬಿದ್ದ ಕಾಯಿ ನೆಲ ಮುಟ್ಟುವಾಗ ಎಷ್ಟು ಜೋರಿರುತ್ತದೋ ಅಷ್ಟೇ ಜೋರಲ್ಲಿ ಮುಂದೆ ಬರುತ್ತದೆ. 70ರಲ್ಲಿ ಇದ್ದರೆ ಆ ಮರ 19 ಮೀಟರಿನದು. ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಗಾಜಿನ ಕೆಳಗೆ ಪಾರ್ಸಲ್ ಟ್ರೇ ಇದೆಯಲ್ಲ, ಅದರ ಮೇಲೆ ಕೊಡೆ, ಸ್ಟೀಲ್ ಡಬ್ಬಿ, ನೀರಿನ ಬಾಟಲಿ ಇಡುವವರನ್ನು ದಿನಾ ನೋಡುತ್ತೇನೆ. ಆ ಟ್ರೇ ಇರುವುದು ಕೆಳಗಿನ ಸಾಮಾನು ಮುಚ್ಚಲಿಕ್ಕೆ, ಮೇಲೆ ಇಡಲಿಕ್ಕಲ್ಲ.

ನಾನು ತುಂಬುವುದು ಹೀಗೆ. ಅಕ್ಕಿ ಚೀಲ ಡಿಕ್ಕಿಯ ತಳಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ಅಡ್ಡಲಾಗಿ. ಭಾರವೆಲ್ಲ ಡಿಕ್ಕಿ ಬಾಗಿಲ ಹತ್ತಿರ ಬಂದರೆ ಕಾರಿನ ಮೂತಿ ಹಗುರಾಗುತ್ತದೆ, ತಿರುವಿನಲ್ಲಿ ಮುಂದಿನ ಚಕ್ರದ ಹಿಡಿತ ಕಮ್ಮಿಯಾಗುತ್ತದೆ. ಒದ್ದೆ ಘಟ್ಟದಲ್ಲಿ ಅದು ಯಾರಿಗೆ ಬೇಕು? ಕಾಯಿ ಗೋಣಿಚೀಲಕ್ಕೆ ಹಾಕಿ ಬಾಯಿ ಬಿಗಿದು ಅಕ್ಕಿ ಚೀಲಕ್ಕೆ ತಾಗಿಸಿ ಇಡಿ. ಹಲಸಿನ ಹಣ್ಣಿಗೆ ಪ್ಲಾಸ್ಟಿಕ್ ಕ್ರೇಟ್ ಬೇಕೇ ಬೇಕು, ಅದೊಂದನ್ನು ಎಷ್ಟು ಸಂದಿಗೆ ಸಿಕ್ಕಿಸಿದರೂ ಕತಗಾಲ ಮುಟ್ಟುವುದರೊಳಗೆ ಹೊರಬಂದಿರುತ್ತದೆ. ಉಳಿದ ಸಂದಿಗೆ ಬಟ್ಟೆ ಬ್ಯಾಗು ತುರುಕಿ. ಸೀಟಿನ ಬೆನ್ನಿಗಿಂತ ಮೇಲೆ ಮಾತ್ರ ಏನೂ ಬರಬಾರದು. ಬಂದರೆ ಕನ್ನಡಿಯಲ್ಲಿ ಹಿಂದೆ ಕಾಣುವುದಿಲ್ಲ, ಮತ್ತೆ ಜೋರು ಬ್ರೇಕ್ ಹಾಕಿದಾಗ ಮೇಲಿನದು ಬರುವುದು ಮಗುವಿನ ತಲೆಯ ಕಡೆಗೇ.

ಡಿಕ್ಕಿ ಗೋಡೆಯ ಪ್ಲಾಸ್ಟಿಕ್ ಕೊಕ್ಕೆ ತರಕಾರಿ ಚೀಲಕ್ಕೆ. ಎಷ್ಟು ಕಿಲೋ ತಡೆಯುತ್ತದೆ ಅಂತ ಬಹಳ ಕಾರುಗಳಲ್ಲಿ ಕೊಕ್ಕೆಯ ಮೇಲೇ ಬರೆದಿರುತ್ತದೆ, ಅದಕ್ಕೆ ಬಾಳೆಗೊನೆ ತೂಗಬೇಡಿ. ತಳದ ಮೂಲೆಯಲ್ಲಿ ಕಬ್ಬಿಣದ ಬಳೆ ಇದ್ದರೆ ಹಗ್ಗ ಕಟ್ಟುವುದು ಅದಕ್ಕೆ. ಹಿಂದೆ ಯಾರೂ ಕೂರದ ದಿನ ಹಿಂದಿನ ಸೀಟ್ ಬೆಲ್ಟುಗಳನ್ನು ಸುಮ್ನೆ ಹಾಕಿಬಿಡಿ, ಸೀಟಿನ ಬೆನ್ನಿಗೆ ಅಷ್ಟು ಆಸರೆ. ಸಣ್ಣ ಭಾರದ ಸಾಮಾನಿಗೆ ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗವೂ ಒಳ್ಳೆಯದೇ. ಡ್ರೈವರ್ ಕಾಲ ಹತ್ತಿರ ಮಾತ್ರ ಏನೂ ಬೇಡ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಅಡಿಗೆ ಹೋದರೆ ಕಥೆ ಮುಗಿಯಿತು.

ಇನ್ನೊಂದು, ಹೊಸಬರಿಗೆ ಹೊಳೆಯದ ವಿಷಯ. ಸ್ಟೆಪ್ನಿ ಇರುವುದು ಡಿಕ್ಕಿಯ ತಳದಲ್ಲಿ. ಘಟ್ಟದಲ್ಲಿ ಪಂಕ್ಚರ್ ಆದರೆ ಮಳೆಯಲ್ಲಿ ನಿಂತು ಅಕ್ಕಿ, ಕಾಯಿ, ಹಲಸು ಎಲ್ಲ ರಸ್ತೆ ಬದಿಗೆ ಇಳಿಸಬೇಕು. ತುಂಬುವ ಮೊದಲೇ ಜಾಕ್, ಸ್ಪ್ಯಾನರ್ ಹೊರಗೆ ತೆಗೆದು ಗೋಣಿಯಲ್ಲಿ ಸುತ್ತಿ ಸೀಟಿನಡಿ ಬಿಗಿಯಾಗಿ ಸಿಕ್ಕಿಸಿ. ಸ್ಟೆಪ್ನಿಗೆ ಗಾಳಿ ಇದೆಯಾ ಅಂತಲೂ ಆಗಲೇ ನೋಡಿ.

ಶಿರಸಿ, ತೋಟದವರು

ಮೇಲಿನ ಅಣ್ಣ ಭಾರದ ಲೆಕ್ಕ ಆಮೇಲೆ ಅಂದರು. ಆಮೇಲಾದರೂ ಸರಿ, ಹಾಕಲೇಬೇಕು. ಆರ್‌ಸಿಯಲ್ಲಿ ಖಾಲಿ ಕಾರಿನ ತೂಕ ಇರುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಟ್ಟು ಎಷ್ಟು ತೂಕದವರೆಗೆ ಅಡ್ಡಿಯಿಲ್ಲ ಅಂತ ಇರುತ್ತದೆ. ಕಳೆಯಿರಿ. ಉದಾಹರಣೆಗೆ 420 ಕಿಲೋ ಬಂತು ಅಂತಿಟ್ಟುಕೊಳ್ಳಿ. ನೀವಿಬ್ಬರು, ಅತ್ತೆ-ಮಾವ ಸೇರಿ 260, ಮಗಳು 18. ಉಳಿದದ್ದು 142. ಕೇಳಲಿಕ್ಕೆ ಜಾಸ್ತಿ ಅನಿಸುತ್ತದೆ, 50ರ ಎರಡು ಚೀಲ ಅಕ್ಕಿ ಹಾಕಿದರೆ 42ಕ್ಕೆ ಬಂತು. ಅತ್ತೆಯವರಿಗೆ ಈ ಲೆಕ್ಕ ಹೇಳಿ ಪ್ರಯೋಜನ ಇಲ್ಲ ಅನ್ನುವುದು ಬೇರೆ ಮಾತು. ನಮ್ಮ ಮನೆಯಲ್ಲಿ ಆಯಿ ಎದುರು ತೂಕದ ಮಾತೆತ್ತಿದರೆ "ಇದೊಂದು ಸೌತೆಕಾಯಿ ಎಷ್ಟು ಭಾರ ಆಗ್ತು?" ಅಂತಾಳೆ.

ಡ್ರೈವರ್ ಬಾಗಿಲು ತೆರೆದರೆ ಕಂಬದ ಹತ್ತಿರ ಒಂದು ಸ್ಟಿಕ್ಕರ್ ಕಾಣುತ್ತದೆ. ಟೈರಿಗೆ ಎಷ್ಟು ಗಾಳಿ ಅಂತ ಅದರಲ್ಲಿದೆ. ಬಹಳ ಕಾರುಗಳಲ್ಲಿ ಎರಡು ಸಾಲು, ಒಂದು ಇಬ್ಬರೋ ಮೂವರೋ ಕೂತಾಗ, ಇನ್ನೊಂದು ಪೂರ್ತಿ ಹೇರಿದಾಗ. ಹೇರಿದಾಗ ಹಿಂದಿನ ಟೈರಿಗೆ ಜಾಸ್ತಿ ಬೇಕು. ಶಿರಸಿ ಬಿಡುವಾಗ ಟೈರು ತಣ್ಣಗಿರುವಾಗಲೇ ಹಾಕಿಸಿ. ಕಾರವಾರಕ್ಕೆ ಬಂದು ಸಾಮಾನು ಇಳಿಸಿದ ಮೇಲೆ ಮತ್ತೆ ಮೊದಲಿನಷ್ಟಕ್ಕೇ ತನ್ನಿ.

ಕ್ಯಾರಿಯರ್ ಬೇಡ ಅನ್ನುತ್ತೇನೆ. ಸಣ್ಣ ಕಾರಿನ ತಲೆ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಹೊರಗಡೆಗೆ ವಾಲುವುದು ಗೊತ್ತಾಗುತ್ತದೆ. ನೆಟ್ಟಗಿನ ಹೆದ್ದಾರಿಯಲ್ಲಿ ಗೊತ್ತಾಗುವುದಿಲ್ಲ, ದೇವಿಮನೆಯಲ್ಲಿ ಗೊತ್ತಾಗುತ್ತದೆ.

ಅಂಕೋಲಾ

ಕ್ಯಾರಿಯರ್ ಬೇಡವೇ ಬೇಡ ಅಂದರೆ ಹೇಗೆ ಮಾರಾಯರೇ? ಚಾಪೆ, ಹಾಸಿಗೆ, ಬಟ್ಟೆ ಸೂಟ್‌ಕೇಸ್ ಮೇಲೆ ಹೋದರೆ ಅಕ್ಕಿಗೆ ಒಳಗೆ ಜಾಗ ಸಿಗುತ್ತದೆ. ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದೇನೆ. ಹಗುರಾದದ್ದು ಮೇಲೆ, ಭಾರದ್ದು ಒಳಗೆ, ಇಷ್ಟೇ ನಿಯಮ. ನಮ್ಮ ಕಾರಿನ ಪುಸ್ತಕದಲ್ಲಿ ಮಾಡಿನ ಮೇಲೆ 50 ಕಿಲೋ ಅಂತಿದೆ, ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿತು. ತಾಡಪತ್ರೆ ಬಡಿದುಕೊಳ್ಳದ ಹಾಗೆ ಕಟ್ಟಿ. ಕೊಕ್ಕೆಯ ರಬ್ಬರ್ ಹಗ್ಗ ಸಾಲದು, ನೈಲಾನ್ ಹಗ್ಗವೋ ಪಟ್ಟಿಯೋ ಬೇಕು. ಹೊರಟು ಸ್ವಲ್ಪ ದೂರ ಹೋದ ಮೇಲೆ ಇಳಿದು ಒಮ್ಮೆ ಎಳೆದು ನೋಡಿ, ಮೊದಲ ನಾಲ್ಕು ತಿರುವಿಗೇ ಹಗ್ಗ ಸಡಿಲ ಆಗಿರುತ್ತದೆ.

ಶಿರಸಿ, ತೋಟದವರು

ಚಾಪೆ, ಹಾಸಿಗೆಗಾದರೆ ಒಪ್ಪಿದೆ. ಆದರೆ ಕ್ಯಾರಿಯರ್ ಇದ್ದವರು ಬರೀ ಚಾಪೆಗೆ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ.

ಕಾರವಾರ, ಶಾಲೆಯಲ್ಲಿ ಕೆಲಸ

ಭಾರದ ವಿಷಯ ಗಂಡಸರು ಹೇಳಿ ಮುಗಿಸಿದರು. ನಾನು ಒದ್ದೆ ಸಾಮಾನಿನ ವಿಷಯ ಹೇಳುತ್ತೇನೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ.

ಮಳೆಗಾಲದಲ್ಲಿ ಒದ್ದೆ ಗೋಣಿ, ಒದ್ದೆ ಕೊಡೆ, ತೊಳೆದ ಸೊಪ್ಪು, ಐದು ಜನರ ಉಸಿರು, ಎಲ್ಲ ಸೇರಿ ಗಾಜಿನ ಒಳಗೆ ಮಬ್ಬು ಕೂರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಅದೇ. ಎಸಿ ಹತ್ತಿರ ಕಾರಿನ ಚಿತ್ರದೊಳಗೆ ಬಾಣ ಸುತ್ತಿದ ಬಟನ್ ಇದೆಯಲ್ಲ, ಒಳಗಿನ ಗಾಳಿಯನ್ನೇ ತಿರುಗಿಸುವುದು ಅದು. ಅದನ್ನು ಆಫ್ ಮಾಡಿ. ಹೊರಗಿನ ಗಾಳಿ ಬರಲಿ, ಎಸಿ ಆನ್ ಇರಲಿ, ಗಾಳಿ ಮುಂದಿನ ಗಾಜಿಗೆ ತಿರುಗಲಿ. ಎಸಿ ಗಾಳಿಯ ತೇವ ಹೀರುತ್ತದೆ, ಸೆಖೆಗೆ ಮಾತ್ರ ಇರುವುದಲ್ಲ. ಹಿಂದಿನ ಗಾಜಿನ ಮಬ್ಬು ಬಿಡಿಸುವ ಡಿಫಾಗರ್ ಇದ್ದರೆ ಅದನ್ನೂ ಹಾಕಿ. ಗಾಜಿನ ಮೇಲೆ ಕಾಣುವ ಸಪೂರ ಗೆರೆಗಳು ಅದರ ತಂತಿ, ಸೂಟ್‌ಕೇಸ್ ಮೂಲೆ ಉಜ್ಜಿ ತುಂಡಾದರೆ ಆ ಗೆರೆ ಕೆಲಸ ಮಾಡುವುದಿಲ್ಲ.

ಮೀನು ಒಯ್ಯುವವರಿಗೂ ಒಂದು ಮಾತು. ಬೈತಖೋಲ ಬಂದರಿನಿಂದ ಬಂಗಡೆ ತಂದರೆ ಐಸ್ ನೀರು ಸೋರಿ ಕಾರ್ಪೆಟ್ ಕೆಳಗೆ, ಸ್ಟೆಪ್ನಿ ಗುಂಡಿಗೆ ಇಳಿಯುತ್ತದೆ. ವಾಸನೆಗಿಂತ ಉಪ್ಪುನೀರು ಕೆಟ್ಟದ್ದು, ತಗಡು ತುಕ್ಕು ಹಿಡಿಯುತ್ತದೆ. ಮುಚ್ಚಳ ಗಟ್ಟಿ ಇರುವ ಡಬ್ಬಿ, ಅದರಡಿ ಅಂಚು ಎತ್ತರದ ಟ್ರೇ, ಅಷ್ಟಿದ್ದರೆ ಸಾಕು. ಹಲಸಿನ ಮೇಣ ತಾಗಿದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಬರುತ್ತದೆ. ಬಾಳೆ ಸೊನೆ ಸೀಟಿನ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಗೊನೆಯ ಕೆಳಗೆ ಹಳೇ ಸೀರೆ ಹಾಸಿ. ಮಿಡಿಯನ್ನು ತೊಟ್ಟು ಸಮೇತ ಬುಟ್ಟಿಯಲ್ಲೇ ತನ್ನಿ, ಸೊನೆ ಮೈಗೆ ತಾಗಿದರೆ ಸುಡುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತಲ್ಲ, ಆಮೇಲಿಂದ ಟಾರ್ಚ್ ಮತ್ತು ಬಿಸ್ಕೆಟ್ ನನ್ನ ಗ್ಲವ್ ಬಾಕ್ಸಿನಲ್ಲೇ ಇರುತ್ತವೆ. ಎಲ್ಲವನ್ನೂ ಡಿಕ್ಕಿಗೆ ಹಾಕಿ ಮೇಲೆ ಅಕ್ಕಿ ಹೇರಬೇಡಿ.

ಕೇಳಿದವರು, ಕಾರವಾರ

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಸಾಮಾನು ತುಂಬಿಕೊಂಡು ರಾತ್ರಿ ಬರುವಾಗ ಎದುರಿನವರೆಲ್ಲ ನಮಗೆ ಡಿಮ್-ಡಿಪ್ ಹೊಡೆಯುತ್ತಾರೆ, ನಾವು ಡಿಮ್‌ನಲ್ಲೇ ಇರುತ್ತೇವೆ. ಯಾಕೆ? ಹಿಂದಿನ ಸೀಟಿನ ಒಂದು ಭಾಗ ಮಡಚಿ ಮಗಳ ಪಕ್ಕ ಸಾಮಾನು ಇಡಬಹುದಾ?

ಹೊನ್ನಾವರ, ಗ್ಯಾರೇಜ್

ಅಕ್ಕಾ, ಸ್ಟೇರಿಂಗಿನ ಬಲಗಡೆ ಕೆಳಗೆ ಸೊನ್ನೆಯಿಂದ ಮೂರೋ ನಾಲ್ಕೋ ಅಂಕಿ ಇರುವ ಸಣ್ಣ ಚಕ್ರ ಇದೆಯಾ ನೋಡಿ. ಹೆಡ್‌ಲೈಟ್ ಎತ್ತರ ಇಳಿಸುವುದು ಅದು. ಹಿಂದೆ ಭಾರ ಕೂತರೆ ಮೂತಿ ಎತ್ತುತ್ತದೆ, ಡಿಮ್ ಲೈಟೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಿಮಗೂ ಹತ್ತಿರದ ರಸ್ತೆ ಸರಿ ಕಾಣುವುದಿಲ್ಲ. ಒಬ್ಬರೇ ಇದ್ದಾಗ ಸೊನ್ನೆ, ಡಿಕ್ಕಿ ತುಂಬಿದಾಗ ಮೇಲಿನ ಅಂಕಿ. ಯಾವುದಕ್ಕೆ ಎಷ್ಟು ಅಂತ ಪುಸ್ತಕದಲ್ಲಿ ಪಟ್ಟಿ ಇದೆ. ಗ್ಯಾರೇಜಿಗೆ ಲೈಟ್ ಸರಿ ಮಾಡಿ ಅಂತ ಬರುವ ಕಾರುಗಳಲ್ಲಿ ಎಷ್ಟೋ ಸಲ ಈ ಚಕ್ರ ಮುಟ್ಟಿಯೇ ಇರುವುದಿಲ್ಲ, ಧೂಳು ಕೂತಿರುತ್ತದೆ.

ಮಗಳ ಪಕ್ಕ ಸಾಮಾನು ಬೇಡ. ಮಡಚಲೇಬೇಕಾದರೆ ಬಟ್ಟೆ, ಹಾಸಿಗೆಯಂಥ ಮೆತ್ತಗಿನದು ಮಾತ್ರ ಆ ಬದಿಗೆ. ಸೀಟ್ ಮೇಲೆತ್ತಿ ನಿಲ್ಲಿಸಿದಾಗ "ಟಕ್" ಅಂತ ಕೇಳಬೇಕು. ಕೆಲವು ಕಾರಿನಲ್ಲಿ ಲಾಕ್ ಕೂರದಿದ್ದರೆ ಅದರ ಗುಂಡಿಯ ಹತ್ತಿರ ಕೆಂಪು ಗುರುತು ಕಾಣುತ್ತದೆ. ಕೈಯಿಂದ ಎಳೆದು ನೋಡಿ. ಬೆಲ್ಟ್ ಸೀಟಿನ ಹಿಂದೆ ಸಿಕ್ಕಿಕೊಂಡರೆ ಲಾಕ್ ಅರ್ಧ ಕೂರುತ್ತದೆ, ಆಮೇಲೆ ಡಿಕ್ಕಿಯ ಅಷ್ಟೂ ಭಾರ ಆ ಸೀಟಿನಲ್ಲಿ ಕೂತವರ ಬೆನ್ನಿಗೆ. ಮಗಳಿಗೆ ಚೈಲ್ಡ್ ಸೀಟ್ ಹಾಕಿ. 14 ವರ್ಷದೊಳಗಿನವರಿಗೆ ಬೆಲ್ಟೋ ಚೈಲ್ಡ್ ಸೀಟೋ ಇರಬೇಕು ಅಂತ ಕಾಯ್ದೆಯೇ ಇದೆ. ತೊಡೆ ಮೇಲೆ ಕೂರಿಸಿಕೊಂಡು ಮುಂದೆ ಕೂರುವುದು ಬೇಡವೇ ಬೇಡ.

ಮುಂದಿನ ಸೀಟಿನ ಮೇಲೆ ಚೀಲ ಇಟ್ಟರೆ ಬೀಪ್ ಹೊಡೆಯುತ್ತದೆ ಅಂತ ಕೆಲವರು ಬೆಲ್ಟಿನ ಬಾಯಿಗೆ ಸುಳ್ಳು ಕ್ಲಿಪ್ ಸಿಕ್ಕಿಸುತ್ತಾರೆ. ಚೀಲಕ್ಕೇ ಬೆಲ್ಟ್ ಹಾಕಿ. ಬೀಪೂ ನಿಲ್ಲುತ್ತದೆ, ಚೀಲವೂ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗಣಪತಿ ಇದ್ದರೆ ಇರಲಿ, ಏರ್‌ಬ್ಯಾಗ್ ಅಂತ ಬರೆದ ಮುಚ್ಚಳದ ಮೇಲೆ ಬೇಡ. ಅದು ಬಿಚ್ಚಿಕೊಳ್ಳುವುದು ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಬೇಗ, ಮೇಲಿದ್ದದ್ದೆಲ್ಲ ಮುಖಕ್ಕೆ.

ಘಟ್ಟ ಇಳಿಯುವಾಗ ಬರೀ ಬ್ರೇಕ್ ಒತ್ತಿಕೊಂಡು ಬರಬೇಡಿ. ಹತ್ತಲಿಕ್ಕೆ ಯಾವ ಗೇರ್ ಬೇಕೋ ಇಳಿಯಲಿಕ್ಕೂ ಅದೇ. ಹೇರಿದ ಕಾರಿನಲ್ಲಿ ಬ್ರೇಕ್ ಬೇಗ ಕಾಯುತ್ತದೆ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಆರಲು ಬಿಡಿ, ನೀರು ಹೊಯ್ಯಬೇಡಿ.

ಯಲ್ಲಾಪುರ

ತೋಟದ ಮನೆ ಅಂದಿರಿ, ಹಾಗಾಗಿ ಇದನ್ನೂ ಹೇಳುತ್ತೇನೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲಕ್ಕೆ ಪೇಟೆಯಿಂದ ಮೈಲುತುತ್ತ (ತಾಮ್ರದ ನೀಲಿ ಹರಳು), ಸುಣ್ಣ ತರುವುದು ಇದ್ದೇ ಇರುತ್ತದೆ. ಇವೆರಡನ್ನೂ ಕಲಸಿದ ಬೋರ್ಡೋ ಪಾಕ ಸರಿಯಾಯಿತಾ ಅಂತ ನೋಡಲು ಕತ್ತಿಯ ಅಲಗು ಅದ್ದುತ್ತೇವಲ್ಲ, ಸುಣ್ಣ ಕಮ್ಮಿಯಾದರೆ ಅಲಗಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಡಿಕ್ಕಿಯ ತಗಡೂ ಕಬ್ಬಿಣವೇ. ಹರಿದ ಚೀಲದಿಂದ ಹರಳು ಉದುರಿ ಮೇಲೆ ಮಳೆನೀರು ಬಿದ್ದರೆ ತಿನ್ನುತ್ತದೆ. ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ ತನ್ನಿ, ಅಕ್ಕಿ ಬೇಳೆಯ ಜೊತೆ ಬೇಡ. ಕಳೆ ಕೊಚ್ಚುವ ಮೆಷಿನ್ನಿಗೆ ಅಂತ ಪೆಟ್ರೋಲ್ ಕ್ಯಾನ್ ಕಾರಿನೊಳಗೆ ತರುವುದನ್ನೂ ಬಿಡಿ. ಹ್ಯಾಚ್‌ಬ್ಯಾಕಿನ ಡಿಕ್ಕಿ ಮತ್ತು ಸೀಟಿನ ನಡುವೆ ಗೋಡೆ ಇಲ್ಲ, ಆವಿ ಮಗಳ ಮೂಗಿಗೇ.

ಕೇಳಿದವರು, ಕಾರವಾರ

ಚಕ್ರ ಸಿಕ್ಕಿತು! ಸೊನ್ನೆಯಲ್ಲೇ ಇತ್ತು. ಕೊನೆಯದೊಂದು. ಮಾವ ಫೈಬರ್ ದೋಟಿ (ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲು) ರಿಪೇರಿಗೆ ಒಯ್ಯಬೇಕು ಅಂತಿದ್ದಾರೆ. ಡಿಕ್ಕಿ ಬಾಗಿಲು ತೆರೆದಿಟ್ಟು, ಕೆಂಪು ಬಟ್ಟೆ ಕಟ್ಟಿ ಒಯ್ದರೆ ಆಗುತ್ತದಾ?

ಯಲ್ಲಾಪುರ

ಆಗುವುದಿಲ್ಲ. ಬಾಗಿಲು ತೆರೆದಿಟ್ಟರೆ ಹೊಗೆ ಒಳಗೆ ಬರುತ್ತದೆ, ನಂಬರ್ ಪ್ಲೇಟ್ ಮತ್ತು ಹಿಂದಿನ ಲೈಟ್ ಯಾರಿಗೂ ಕಾಣುವುದಿಲ್ಲ. ಮಿತಿ ಮೀರಿ ಹೊರಚಾಚಿದ ಸಾಮಾನಿಗೆ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ ಇಟ್ಟಿದ್ದಾರೆ. ಮಡಚಿದ ದೋಟಿ ಎಷ್ಟು ಉದ್ದ ಅಂತ ಅಳೆಯಿರಿ. ಎಡಗಡೆ ಸೀಟುಗಳನ್ನು ಮಡಚಿ ಡ್ಯಾಶ್‌ಬೋರ್ಡಿನಿಂದ ಡಿಕ್ಕಿ ಬಾಗಿಲವರೆಗೆ ಹಿಡಿಸಿದರೆ ಎರಡು ಕಡೆ ಕಟ್ಟಿ ಒಯ್ಯಿರಿ, ಆ ದಿನ ಮಾವ ಒಬ್ಬರೇ ಹೋಗಲಿ. ಹಿಡಿಸದಿದ್ದರೆ ಊರಿನಿಂದ ಶಿರಸಿಗೆ ಅಡಿಕೆ ಒಯ್ಯುವ ಪಿಕಪ್ ಇದ್ದೇ ಇರುತ್ತದೆ, ಅದಕ್ಕೆ ಕೊಟ್ಟು ಕಳಿಸಿ.