ತೋಟದ ಬೇಲಿ ಉದ್ದ 0.0048 ಅಂತೆ, ಎಂತ ಮಾರಾಯ್ರೆ ಇದು?

ತುಂಗಾತೀರ: ತೀರ್ಥಹಳ್ಳಿ ಹತ್ರ ನಮ್ಮದು ಮೂರೂವರೆ ಎಕರೆ ಅಡಿಕೆ ತೋಟ, ಹಂದಿ ಕಾಟ ತಡೀಲಾರದೆ ಸುತ್ತ ತಂತಿ ಬೇಲಿ ಹಾಕ್ಸೋಣ ಅಂತ ಫೋನಲ್ಲಿ ಜಿಪಿಎಸ್ ಆನ್ ಮಾಡ್ಕೊಂಡು ಗಡಿ ಸುತ್ತಿ ಬಂದೆ. ಆ ಫೈಲನ್ನ ಪೈಥಾನ್‌ಗೆ ಹಾಕಿ ಶೇಪ್ಲಿ ಅನ್ನೋ ಲೈಬ್ರರಿಲಿ ಪಾಲಿಗನ್ (ಮುಚ್ಚಿದ ಆಕಾರ) ಮಾಡಿ ಲೆಂಗ್ತ್ ಕೇಳಿದ್ರೆ 0.0048 ಅಂತಿದೆ. ಕಿಲೋಮೀಟರಾ ಇದು? ಐದು ಮೀಟರ್ ಬೇಲಿ ಒಳಗೆ ನಮ್ಮ ದನದ ಕೊಟ್ಟಿಗೆನೂ ಹಿಡಿಯಲ್ಲ.

ನಕಾಶೆನಾಣಿ: ಅದು ಅಕ್ಷಾಂಶ-ರೇಖಾಂಶದ ಡಿಗ್ರಿ. ಶೇಪ್ಲಿಗೆ ಭೂಮಿ ಅನ್ನೋದೇ ಗೊತ್ತಿಲ್ಲ, ನೀನು ಕೊಟ್ಟ ಅಂಕೆನ ಗ್ರಾಫ್ ಶೀಟ್ ಮೇಲಿದ್ದಂಗೆ ಕೂಡಿಸಿ ಕೊಡುತ್ತೆ ಅಷ್ಟೇ.

ಹೊಸನಗರದೋನು: ಒಂದು ಡಿಗ್ರಿಗೆ ಸುಮಾರು 111 ಕಿಮೀ, ಅದರಿಂದ ಗುಣಿಸು, 0.53 ಕಿಮೀ ಬಂತು, ಮುಗೀತು.

ನಕಾಶೆನಾಣಿ: ಮುಗಿಯಲ್ಲ. ನಮ್ ಕಡೆ ಉತ್ತರ-ದಕ್ಷಿಣ ಒಂದು ಡಿಗ್ರಿಗೆ 110.6 ಕಿಮೀ, ಪೂರ್ವ-ಪಶ್ಚಿಮ 108 ಚಿಲ್ಲರೆ. ಎರಡಕ್ಕೂ ಒಂದೇ ಸೇರು ಹಿಡಿದು ಅಳೆದ್ರೆ ಆಗುತ್ತಾ? ನಕ್ಷೆ ಲೆಕ್ಕದ ಲೈಬ್ರರಿ ಪೈಪ್ರೋಜ್‌ನಲ್ಲಿ ಜಿಯೋಡ್ ಅಂತಿದೆ, ಡಬ್ಲ್ಯೂಜಿಎಸ್ 84 ಎಲಿಪ್ಸಾಯ್ಡ್ (ಜಿಪಿಎಸ್ ಬಳಸೋ ಭೂಮಿ ಆಕಾರ) ಕೊಟ್ಟು ಜಾಮೆಟ್ರಿ ಲೆಂಗ್ತ್ ಕೇಳು, ಸೀದಾ ಮೀಟರಲ್ಲಿ ಬರುತ್ತೆ.

ಸಾಗರದವಳು: ನಾನು ನಕ್ಷೆ ಡೇಟಾಬೇಸ್ ಪೋಸ್ಟ್‌ಜಿಐಎಸ್‌ನಲ್ಲಿ ಇಂಥದ್ದೇ ಮಾಡೋಕೆ ಹೋಗಿ ಅರ್ಧ ದಿನ ಕಳ್ಕೊಂಡಿದ್ದೆ, ಎಸ್‌ಟಿ ಲೆಂಗ್ತ್‌ಗೆ ಪಾಲಿಗನ್ ಕೊಟ್ರೆ ಎರರ್ ಕೂಡ ಇಲ್ಲ, ಸುಮ್ನೆ 0 ಅನ್ನುತ್ತೆ. ಅಲ್ಲಿ ಲೆಂಗ್ತ್ ಬರೀ ಗೆರೆಗೆ, ಪಾಲಿಗನ್‌ಗೆ ಎಸ್‌ಟಿ ಪೆರಿಮೀಟರ್, ಅದೂ ಭೂಮಿ ದುಂಡಗಿದೆ ಅಂತ ಲೆಕ್ಕ ಹಾಕೋ ಜಿಯಾಗ್ರಫಿ ಟೈಪಿಗೆ ಬದಲಾಯಿಸಿದ್ರೆ ಮಾತ್ರ ಮೀಟರ್.

ತುಂಗಾತೀರ: ಜಿಯೋಡ್‌ನಲ್ಲಿ 525 ಬಂತು. 3857 ಅನ್ನೋ ನಕ್ಷೆ ಪದ್ಧತಿಗೆ ಬದಲಾಯಿಸಿ ನೋಡಿದ್ರೆ 540ರ ಮೇಲೆ ಹೋಗುತ್ತೆ, ಯಾವ್ದು ನಂಬೋದು?

ನಕಾಶೆನಾಣಿ: 3857 ವೆಬ್ ಮ್ಯಾಪ್ ತೋರ್ಸೋಕೆ ಇರೋದು, ಅಳೆಯೋಕಲ್ಲ. ನಮ್ಮ ಅಕ್ಷಾಂಶದಲ್ಲಿ 3 ಪರ್ಸೆಂಟ್ ಹಿಗ್ಗಿಸುತ್ತೆ ಅಷ್ಟೇ, ಲಂಡನ್ನಲ್ಲಾಗಿದ್ರೆ 60 ಪರ್ಸೆಂಟ್. ಯುಟಿಎಂ (ಭೂಮಿನ ಪಟ್ಟಿಪಟ್ಟಿ ಮಾಡಿ ಮೀಟರಲ್ಲಿ ತೋರ್ಸೋ ನಕ್ಷೆ ಪದ್ಧತಿ) ಬೇಕಂದ್ರೆ ನಮ್ಮ ಪಟ್ಟಿ 43 ಉತ್ತರ, ಅಂದ್ರೆ ಕೋಡ್ 32643. ಅದು ನಿನ್ನ ಬೇಲಿಗೆ ಒಂದು ಗೇಣು ಕಡಿಮೆ ತೋರ್ಸುತ್ತೆ, ಪಟ್ಟಿಯ ನಡುಗೆರೆ (ಸೆಂಟ್ರಲ್ ಮೆರಿಡಿಯನ್) ಹತ್ರ ಸ್ಕೇಲ್ 0.9996 ಇಟ್ಟಿರ್ತಾರಲ್ಲ ಅದಕ್ಕೆ.

ಕವಳದಡಬ್ಬಿ: ಗೇಣಿನ ಲೆಕ್ಕಕ್ಕೆ ಇಷ್ಟು ಜಗಳ ಎಂತಕ್ಕೆ ಮಾರಾಯ, ಬಿಂದುಗಳನ್ನ ಯಾರಾದ್ರೂ ನೋಡಿದೀರಾ? ಅಡಿಕೆ ಮರದ ಕೆಳಗೆ ಫೋನ್ ಜಿಪಿಎಸ್ ಸುಮ್ನೆ ನಿಂತ್ರೂ ಕುಣಿಯುತ್ತೆ, ಅದು ಕುಣಿದಷ್ಟೂ ಗೆರೆ ಉದ್ದ ಆಗುತ್ತೆ. ಫೈಲ್ ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ತೆಗೆದು ಜೂಮ್ ಮಾಡಿ ನೋಡು, ಎಲ್ಲಾದ್ರೂ ಸಿಕ್ಕು ಬಿದ್ದ ದಾರದುಂಡೆ ತರ ಕಾಣುತ್ತಾ?

ತುಂಗಾತೀರ: ಅಯ್ಯೋ ಹೌದು! ಕೆರೆ ಮೂಲೇಲಿ ಒಂದು ದೊಡ್ಡ ಗಂಟು. ಅಲ್ಲಿ ಪಕ್ಕದ ಮನೆಯವ್ರು ಸಿಕ್ಕಿ ಹತ್ತು ನಿಮಿಷ ನಿಂತು ಕವಳ (ಎಲೆ ಅಡಿಕೆ) ಹಾಕಿದ್ವಿ, ರೆಕಾರ್ಡಿಂಗ್ ನಿಲ್ಸೋಕೆ ಮರೆತೆ. ಆ ಬಿಂದುಗಳನ್ನ ಅಳಿಸಿದ್ರೆ 489.

ಹೊಸನಗರದೋನು: ಕವಳಕ್ಕೆ 36 ಮೀಟರ್ ತಂತಿ 😂 ನನ್ನ 111ಕ್ಕೆ ಬೈದಿದ್ರಿ, ಅದರ ತಪ್ಪು ಎಂಟೇ ಮೀಟರ್.

ನಕಾಶೆನಾಣಿ: ಸರಿ ಒಪ್ಪಿದೆ, ಆದ್ರೆ ಆ ಎಂಟು ಮೀಟರ್ ತಪ್ಪು ಪುಕ್ಕಟೆ ಸರಿಹೋಗ್ತಿತ್ತು, ಫಂಕ್ಷನ್ ಹೆಸರು ಬದಲಾಯಿಸಿದ್ರೆ ಸಾಕಿತ್ತು.

ಸಾಗರದವಳು: ಇನ್ನೊಂದು, ತೋಟದ ಒಂದು ಕಡೆ ಧರೆ (ಕಡಿದಾದ ಏರು) ಅಲ್ದಾ? ಜಿಯೋಡ್ ಎತ್ತರ ಲೆಕ್ಕಕ್ಕೇ ತಗೊಳಲ್ಲ. 140 ಮೀಟರಿಗೆ 30 ಮೀಟರ್ ಏರಿದ್ರೆ ತಂತಿ 143 ಬೇಕು, ಇಳಿಯೋ ಕಡೆನೂ ಅಷ್ಟೇ. ಫೋನಿನ ಎತ್ತರದ ಅಂಕೆ ಮಾತ್ರ ನಂಬ್ಬೇಡ, ಅದು ಅಡ್ಡಕ್ಕಿಂತ ಜಾಸ್ತಿ ಸುಳ್ಳು ಹೇಳುತ್ತೆ.

ತುಂಗಾತೀರ: ಇವತ್ತು ಟೇಪ್ ಹಿಡಿದು ಅಪ್ಪಯ್ಯನ ಜೊತೆ ಅಳೆದೆ, ಜಿಗಣೆಗೆ ಎರಡೂ ಕಾಲು ಕೊಟ್ಟು ಬಂದಾಯ್ತು. 497! ಏರು ಇಳಿತದ 6 ಬಿಟ್ರೆ ಉಳಿದ 2 ಮೀಟರ್ ಟೇಪ್ ಜೋತಿದ್ದು ಅಂದ್ಕೊಳ್ತೀನಿ. ನಾಲ್ಕು ಎಳೆಗೆ 1988 ಮೀಟರ್ ತಂತಿ ಬರೆಸ್ತೀನಿ.

ಕವಳದಡಬ್ಬಿ: ಗೇಟಿನ ಅಗಲ ಕಳೆದ್ಯಾ?

ತುಂಗಾತೀರ: ಇಲ್ಲ 🙏