2012ರ ಕಪ್ಪು ಗಾಡಿ, ಪೇಂಟ್ ಪೂರಾ ಸವದೈತಿ: ಯಾವ ಕಾಂಪೌಂಡ್, ಯಾವ ಪ್ಯಾಡ್ ತಗೊಳ್ಳಿ?

ಡೊಂಬಿವಲಿ ಹುಬ್ಬಳ್ಳಿಯಾಂವ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಪ್ಪಾರ ಗಾಡಿ, 2012ರ ಕಪ್ಪು ಹೋಂಡಾ ಸಿಟಿ, ಅವರಿಗೆ ಈಗ ಓಡ್ಸಾಕ ಆಗೂದಿಲ್ಲಂತ ಹುಬ್ಬಳ್ಳಿಯಿಂದ ನಾನ ಡೊಂಬಿವಲಿಗೆ ತಂದೇನ್ರಿ. ಎಂಜಿನ್ ಗಟ್ಟಿ ಐತಿ, ಮಾರೂ ಮನಸಿಲ್ಲ, ಆದ್ರ ಪೇಂಟ್ ನೋಡಿದ್ರ ಸಂಕಟ ಆಗ್ತೈತಿ. ಬಿಸಿಲಿಗೆ ನಿಲ್ಲಿಸಿದ್ರ ಮೈತುಂಬ ಜೇಡರ ಬಲಿ ಹಂಗ ದುಂಡ ಗೆರಿ, ಬಾನೆಟ್ ಮ್ಯಾಲೆ ಬೋರ್‌ವೆಲ್ ನೀರಿನ ಬಿಳಿ ಕಲಿ, ಟಾಪ್ ಅಂತೂ ಬೂದಿ ಬಳದಂಗ ಕಾಣ್ತೈತಿ. ನಮ್ಮ ಸೊಸೈಟಿ ರೈಲ್ವೆ ಲೈನಿಗೆ ಹತ್ತಿಕೊಂಡ ಐತಿ, ತೊಳದ ಮ್ಯಾಲೂ ಕೈಯಾಡಿಸಿದ್ರ ಉಸುಕಿನ ಕಾಗದ ಮುಟ್ಟಿದಂಗ ಆಗ್ತೈತಿ.

ಹೋದ ವರ್ಷ ಒಂದ ಅಂಗಡ್ಯಾಗ ರಬ್ಬಿಂಗ್ ಪಾಲಿಶ್ ಮಾಡಿಸಿದ್ದೆ. ಅವತ್ತ ಕನ್ನಡಿ ಹಂಗ ಇತ್ತು, ನಾಕ ಸಲ ತೊಳದಮ್ಯಾಲೆ ಹಳೆ ಗೆರಿ ಎಲ್ಲಾ ವಾಪಸ್ ಬಂದ್ವು, ಮ್ಯಾಲೆ ಹೊಸಾ ಬಿಲ್ಲಿನಂಥಾ ನೆರಳ ಗೆರಿ ಬ್ಯಾರೆ. ಈ ಸಲ ನಾನ ಮಾಡೂದಂತ ಡಿಎ ಮಷೀನ್ (ಪ್ಯಾಡ್ ಸುತ್ತಕೋಂತ ಅಲ್ಲಾಡೂ ಪಾಲಿಶ್ ಮಷೀನ್) ತಗೊಂಡೇನಿ, ಪ್ಯಾಡ್ ಅಂಟಿಸೂ ಬ್ಯಾಕಿಂಗ್ ಪ್ಲೇಟ್ 5 ಇಂಚು, ಥ್ರೋ ಅಂದ್ರ ಪ್ಯಾಡ್ ಅಲ್ಲಾಡೂ ಅಗಲ 15 ಎಂಎಂ. ಈಗ ಕಾಂಪೌಂಡ್, ಅಂದ್ರ ಗೆರಿ ಉಜ್ಜಿ ತೆಗಿಯೂ ಪೇಸ್ಟ್, ನೋಡಾಕ ಹೋದ್ರ ತಲಿ ತಿರಗ್ತೈತಿ, ಹೆವಿ ಕಟ್, ಮೀಡಿಯಂ ಕಟ್, ಫಿನಿಶಿಂಗ್, ಪ್ಯಾಡ್‌ನ್ಯಾಗ ಊಲನ್, ಮೈಕ್ರೋಫೈಬರ್, ಫೋಮ್, ಅದರಾಗ ಆರ ಬಣ್ಣ. ಎಲ್ಲಾಕಿಂತ ಜೋರ ಇರೋ ಕಾಂಪೌಂಡ್ ಊಲನ್ ಪ್ಯಾಡಿಗೆ ಹಚ್ಚಿ ಒಮ್ಮೆಲೆ ಹೊಡದ್ರ ನಡಿತೈತೇನ್ರಿ? ಮಾಡಿದವರು ಹೇಳ್ರಿ.

ಚಿಂಚವಾಡ್ ವೀಕೆಂಡ್ ಗ್ಯಾರೇಜ್

ಬ್ರದರ್, ಊಲನ್ ಪ್ಯಾಡನ್ನ ಮೊದಲೇ ಕೈಗೆ ತಗೋಬೇಡಿ ದಯವಿಟ್ಟು. ನಾನು ಎಂಟು ವರ್ಷದಿಂದ ಶನಿವಾರ ಭಾನುವಾರ ಇದೇ ಕೆಲಸ ಮಾಡ್ತಿದೀನಿ, ಬರೋದೆಲ್ಲ ಹಳೇ ಗಾಡಿಗಳೇ, ಅದರಲ್ಲಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸುಟ್ಟುಕೊಂಡು ಬರೋರು ಬಹುತೇಕ ಹೀಗೇ ಒಂದೇ ದಿನಕ್ಕೆ ಎಲ್ಲಾ ಗೆರೆ ತೆಗೀಬೇಕು ಅಂತ ಹೊರಟವರು. ಕಂಪನಿ ಪೇಂಟ್ ಅಂದ್ರೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅದರಲ್ಲಿ ಕ್ಲಿಯರ್ ಕೋಟ್ 40ರ ಆಸುಪಾಸು, ತಲೆಕೂದಲಿಗಿಂತ ತೆಳು. ಬಿಸಿಲು ತಡೆಯೋದು ಆ ಪದರನೇ. ಗೆರೆ ತೆಗೆಯೋದು ಅಂದ್ರೆ ಗೆರೆಯ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಸವೆಸೋದು, ಅಷ್ಟೇ. ನಿಮ್ಮ ಗಾಡಿಗೆ ಈಗಾಗ್ಲೇ ಒಂದು ಸಲ ರಬ್ಬಿಂಗ್ ಆಗಿದೆ, ಹಾಗಾಗಿ ಪೇಂಟ್ ಥಿಕ್‌ನೆಸ್ ಗೇಜ್ ಯಾರ ಹತ್ರನಾದ್ರೂ ಒಂದು ದಿನಕ್ಕೆ ಇಸ್ಕೊಳ್ಳಿ. ಒಂದೊಂದು ಪ್ಯಾನೆಲಲ್ಲೂ ಎಂಟ್ಹತ್ತು ಕಡೆ ಇಟ್ಟು ನೋಡಿ, ಸುತ್ತಲೂ 110 ಬಂದು ಒಂದು ಕಡೆ ಮಾತ್ರ 80 ಬಂದ್ರೆ ಅಲ್ಲಿ ಮಷೀನ್ ಜಾಸ್ತಿ ನಿಂತಿದೆ ಅಂತ ಲೆಕ್ಕ, ಆ ಜಾಗ ಬಿಟ್ಬಿಡಿ. 250, 300 ಬಂದ್ರೆ ಅದು ಮತ್ತೆ ಪೇಂಟ್ ಹೊಡೆಸಿರೋ ಪ್ಯಾನೆಲ್. ಪ್ಲಾಸ್ಟಿಕ್ ಬಂಪರ್ ಮೇಲೆ ಸಾದಾ ಗೇಜ್ ಓದಲ್ಲ.

ರೈಲ್ವೆ ಲೈನ್ ಪಕ್ಕ ಅಂದ್ರಲ್ಲ, ಆ ಒರಟು ಬಹುಶಃ ಕಬ್ಬಿಣದ ಪುಡಿ, ಚಕ್ರ, ಹಳಿ, ಬ್ರೇಕ್ ಸವೆದು ಹಾರಿ ಬಂದು ಕ್ಲಿಯರ್ ಮೇಲೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತೆ. ಅಯರ್ನ್ ರಿಮೂವರ್ ಹೊಡೀರಿ, ನೇರಳೆ ಬಣ್ಣಕ್ಕೆ ತಿರುಗಿ ಕೆಳಗಿಳಿಯುತ್ತೆ, ಒಣಗೋಕೆ ಬಿಡದೆ ತೊಳೀರಿ, ಉಳಿದಿದ್ದಕ್ಕೆ ಕ್ಲೇ ಬಾರ್, ಅಂದ್ರೆ ಕೊಳೆ ಎತ್ತೋ ಜೇಡಿಮಣ್ಣಿನಂಥ ಮುದ್ದೆ. ಇದನ್ನ ಬಿಟ್ಟು ನೇರ ಮಷೀನ್ ಹಚ್ಚಿದ್ರೆ ಆ ಚೂರುಗಳೇ ಪ್ಯಾಡಿಗೆ ಸಿಕ್ಕಿ ಹೊಸ ಗೆರೆ ಎಳೆಯುತ್ತೆ.

ಈಗ ಪ್ಯಾಡ್. ಎಲ್ಲರೂ ಬಾಟಲಿಗೆ ದುಡ್ಡು ಸುರೀತಾರೆ, ಪ್ಯಾಡ್ ಮಾತ್ರ ಒಂದೋ ಎರಡೋ. ನೀವು ಉಲ್ಟಾ ಮಾಡಿ. ಕಾಂಪೌಂಡ್ ಎರಡೇ ಸಾಕು, ಗೆರೆ ಸವೆಸೋ ಕಟಿಂಗ್ ಒಂದು, ಹೊಳಪು ಕೊಡೋ ಫಿನಿಶಿಂಗ್ ಒಂದು, ಮೆಗ್ವಾಯರ್ಸ್ ಎಂ105 ಮತ್ತೆ ಎಂ205 ಜೋಡಿ ಆಗ್ಲಿ, ಮೆನ್ಜರ್ನಾ 400 ಮತ್ತೆ 3800 ಆಗ್ಲಿ, ನಿಮಗೆ ಸಲೀಸಾಗಿ ಸಿಗೋದು ತಗೊಳ್ಳಿ. ಪ್ಯಾಡ್ ಮಾತ್ರ ಫೋಮ್ ಕಟಿಂಗ್ 3, ಫೋಮ್ ಫಿನಿಶಿಂಗ್ 3, ಮೈಕ್ರೋಫೈಬರ್ ಕಟಿಂಗ್ 2 ಇರ್ಲಿ. ಒಂದೇ ಕಾಂಪೌಂಡ್ ಮೆತ್ತಗಿನ ಫೋಮಲ್ಲಿ ಒಂಥರ, ಮೈಕ್ರೋಫೈಬರಲ್ಲಿ ಇನ್ನೊಂಥರ ಕಚ್ಚುತ್ತೆ, ಅದನ್ನ ನೀವೇ ನಿಮ್ಮ ಪೇಂಟ್ ಮೇಲೆ ನೋಡಬೇಕು. ಬಣ್ಣ ನೋಡಿ ತಗೋಬೇಡಿ, ಲೇಕ್ ಕಂಟ್ರಿ ಕಂಪನಿಯಲ್ಲಿ ಹಳದಿ ಅಂದ್ರೆ ಗಟ್ಟಿ ಕಟಿಂಗ್ ಫೋಮ್, ರೂಪೆಸ್‌ನಲ್ಲಿ ಹಳದಿ ಅಂದ್ರೆ ನಯ ಮಾಡೋದು, ಅವರ ಒರಟು ಪ್ಯಾಡ್ ನೀಲಿ. ಒಬ್ಬ ಗೆಳೆಯ ಇದರಲ್ಲೇ ಎಡವಿ ಇಡೀ ಬಾನೆಟ್ ಮಬ್ಬು ಮಾಡ್ಕೊಂಡ.

ಬಾನೆಟ್ ಮಧ್ಯೆ ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ, ಮೊದಲು ಫಿನಿಶಿಂಗ್ ಫೋಮ್ ಜೊತೆ ಎಂ205 ಥರದ್ದು, ನಾಲ್ಕು ಪಾಸ್, ಅಂದ್ರೆ ಇಡೀ ಚೌಕದ ಮೇಲೆ ನಾಲ್ಕು ಸಲ. ಸಾಲಲಿಲ್ಲ ಅಂದ್ರೆ ಕಟಿಂಗ್ ಫೋಮ್ ಜೊತೆ ಎಂ105, ಅದೂ ಸಾಲಲಿಲ್ಲ ಅಂದ್ರೆ ಮಾತ್ರ ಮೈಕ್ರೋಫೈಬರ್. ಪ್ರತಿ ಸಲ ಐಸೋಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿ ನೋಡಿ, ಯಾಕಂದ್ರೆ ಪಾಲಿಶಿನ ಎಣ್ಣೆ ಗೆರೆಯೊಳಗೆ ಕೂತು ಇಲ್ಲದ ಹೊಳಪು ತೋರಿಸುತ್ತೆ, ನಿಮ್ಮ ಹೋದ ವರ್ಷದ ಕಥೆ ಅದೇ, ತುಂಬಿದ್ದು ನೀರಲ್ಲಿ ಹೋಯ್ತು ಗೆರೆ ಉಳೀತು. ಆ ಬಿಲ್ಲಿನಂಥ ನೆರಳು ರೋಟರಿ (ಬರೀ ಗರಗರ ಸುತ್ತೋ) ಮಷೀನಲ್ಲಿ ಊಲನ್ ಹೊಡೆದು ಫಿನಿಶಿಂಗ್ ಮಾಡದೆ ಬಿಟ್ಟಿದ್ದು, ಅದು ಡಿಎನಲ್ಲಿ ಹೋಗುತ್ತೆ. ಉಗುರು ಅಡ್ಡ ಎಳೆದಾಗ ತಡೆಯೋ ಗೆರೆ ಮಾತ್ರ ಹೋಗಲ್ಲ, ಅದರ ಹಿಂದೆ ಬೀಳಬೇಡಿ.

ಬ್ಯಾಕಿಂಗ್ ಪ್ಲೇಟ್ ಅಂಚಿಗೆ ಮಾರ್ಕರಲ್ಲಿ ಒಂದು ಗೆರೆ ಎಳೀರಿ. ಆ ಗೆರೆ ಸುತ್ತೋದು ನಿಂತ್ರೆ ಪ್ಯಾಡ್ ಬರೀ ನಡುಗ್ತಿದೆ, ಕಟ್ ಮಾಡ್ತಿಲ್ಲ ಅಂತರ್ಥ, ಒತ್ತಡ ಕಮ್ಮಿ ಮಾಡಿ ಅಥವಾ ಪ್ಯಾಡನ್ನ ಪೇಂಟ್ ಮೇಲೆ ಸಮ ಕೂರಿಸಿ. ಸೆಕೆಂಡಿಗೆ ಒಂದು ಇಂಚು, ಅಷ್ಟು ನಿಧಾನ. ಬಾಡಿ ಲೈನ್, ಬಾಗಿಲಿನ ಅಂಚು ಎಲ್ಲಾ ಟೇಪ್ ಹಚ್ಚಿ, ಅಲ್ಲಿ ಪೇಂಟ್ ತೆಳು, ಬೇಗ ತೂತಾಗುತ್ತೆ.

ವಾಸ್ಕೋದ ಉಡುಪಿಯವ

ಮೇಲಿನವರು ಸರಿಯಾಗಿ ಹೇಳಿದ್ದಾರೆ ಮಾರಾಯ್ರೆ, ನಾನು ಟಾಪ್ ಬಗ್ಗೆ ಮಾತ್ರ ಹೇಳ್ತೇನೆ. ಬೂದಿ ಬಳಿದ ಹಾಗೆ ಅಂದ್ರಲ್ಲ, ಅದು ಎರಡು ಥರ ಉಂಟು. ಒಂದು ಮೇಲ್ಮೈ ಮಾತ್ರ ಮಂಕಾದದ್ದು, ಕೈಯಾಡಿಸಿದ್ರೆ ಸಮ ಇರ್ತದೆ, ಒದ್ದೆ ಮಾಡಿದ್ರೆ ಬಣ್ಣ ಎದ್ದು ಕಾಣ್ತದೆ, ಅದು ಕಾಂಪೌಂಡಿಗೆ ಬರ್ತದೆ. ಇನ್ನೊಂದು ಕ್ಲಿಯರ್ ಕೋಟೇ ಸತ್ತದ್ದು, ಬಿಳಿ ಮಚ್ಚೆ, ಅದರ ಅಂಚು ಹಾವಿನ ಪೊರೆ ಬಿಟ್ಟ ಹಾಗೆ ಏಳ್ತಾ ಇರ್ತದೆ. ಅದಕ್ಕೆ ಎಂತ ಹಾಕಿದ್ರೂ ಆಗುದಿಲ್ಲ, ಮಷೀನ್ ತಾಗಿಸಿದ್ರೆ ಆ ಅಂಚು ಇನ್ನೂ ದೊಡ್ಡ ಆಗ್ತದೆ, ಅಷ್ಟು ಪ್ಯಾನೆಲ್ ಪೇಂಟ್ ಮಾಡಿಸುದೇ ದಾರಿ. ನನ್ನ ಹಳೆ ಗಾಡಿಯ ಟಾಪನ್ನು ನಾನು ಪಾಲಿಶ್ ಮಾಡಿ ಮಾಡಿ ಎರಡು ಭಾನುವಾರ ಹಾಳು ಮಾಡಿದೆ, ಕಡೆಗೆ ಪೇಂಟಿಂಗಿಗೇ ಕೊಡ್ಬೇಕಾಯ್ತು.

ನೀರಿನ ಕಲೆಗೆ ಬಿಳಿ ವಿನೆಗರ್, ಅಷ್ಟೇ ನೀರು ಸೇರಿಸಿ ಬಟ್ಟೆ ಒದ್ದೆ ಮಾಡಿ ಒಂದು ನಿಮಿಷ ಇಟ್ಟು ತೊಳೀರಿ. ಸುಣ್ಣದಂಶ ಮೇಲೆ ಕೂತಿದ್ರೆ ಕರಗ್ತದೆ, ಕ್ಲಿಯರನ್ನೇ ತಿಂದು ಗುಂಡಿ ಮಾಡಿದ್ರೆ ಆಗ ಕಾಂಪೌಂಡ್. ಸುಮ್ಮನೆ ಕರಗುವುದನ್ನು ಉಜ್ಜಿ ಯಾಕೆ ತೆಗೀಬೇಕು, ಅಷ್ಟು ಕ್ಲಿಯರ್ ಉಳೀತದಲ್ವಾ.

ಮತ್ತೆ ಗಾಡಿ ಒರೆಸುವವರು ಯಾರು? ನಮ್ಮಲ್ಲಿ ಬಂದರಿನ ಕಲ್ಲಿದ್ದಲು ಧೂಳು, ನಿಮ್ಮಲ್ಲಿ ರೈಲಿನದ್ದು, ಒಣ ಬಟ್ಟೆಯಲ್ಲಿ ಒರೆಸಿದ್ರೆ ಆ ಧೂಳೇ ಗೆರೆ ಹಾಕುದು. ಸೊಸೈಟಿಯ ಹುಡುಗ ಒಂದೇ ಬಕೆಟ್ ನೀರಲ್ಲಿ ಹತ್ತು ಗಾಡಿ ಒರೆಸ್ತಾನೆ ಅಂತಾದ್ರೆ ಅವನಿಗೆ ಹೇಳಿ, ಪಾಪ ಸಂಬಳ ಕೊಡಿ, ಆದ್ರೆ ಗ್ಲಾಸ್ ಮಾತ್ರ ಒರೆಸ್ಲಿಕ್ಕೆ ಹೇಳಿ.

ಡೊಂಬಿವಲಿ ಹುಬ್ಬಳ್ಳಿಯಾಂವ

ಅಣ್ಣಾರ, ಇಬ್ಬರಿಗೂ ಭಾಳ ಉಪಕಾರ ಆತು. ನಿನ್ನೆ ಬೆಳಿಗ್ಗೆ ಆರಕ್ಕ ಎದ್ದು ನೆಳ್ಳಾಗ ಮಾಡಿದೆ. ಅಯರ್ನ್ ರಿಮೂವರ್ ಹೊಡದ ತಕ್ಷಣ ಬಾನೆಟ್ ತುಂಬ ನೇರಳಿ ನೀರ ಇಳೀತು ನೋಡ್ರಿ, ನಮ್ಮ ಮನಿಯಾಕಿ ಬಣ್ಣನs ಹೋತು ಅಂತ ಗಾಬರಿ ಆದ್ಲು. ಗೇಜ್ ಒಬ್ಬರು ಕೊಟ್ರು, ಬಾನೆಟ್ 95ರಿಂದ 105, ಬಾಗಿಲಾ 100 ಮ್ಯಾಲೆ, ಎಡಗಡೆ ಹಿಂದಿನ ಬಾಗಿಲಾ 270 ಬಂತು, ಅಪ್ಪಾರಿಗೆ ಫೋನ್ ಮಾಡಿ ಕೇಳಿದ್ರ ಹೌದಪಾ ಒಮ್ಮೆ ಎಮ್ಮಿ ಗುದ್ದಿತ್ತು ಅಂದ್ರು. ಟಾಪ್ ಒದ್ದಿ ಮಾಡಿದ್ರ ಬಣ್ಣ ಕಾಣ್ತೈತಿ, ಆದ್ರ ಹಿಂದಿನ ಗ್ಲಾಸ್ ಹತ್ರ ಅಂಗೈ ಅಗಲ ಪೊರಿ ಎದ್ದೈತಿ, ಅದನ್ನ ಮುಟ್ಟಿಲ್ಲ.

ಟೆಸ್ಟ್ ಜಾಗದಾಗ ಫಿನಿಶಿಂಗ್ ಫೋಮ್ ಎಂ205ಗೆ ಅರ್ಧಕ್ಕ ಅರ್ಧ ಗೆರಿ ಹೋದ್ವು. ಕಟಿಂಗ್ ಫೋಮ್ ಎಂ105ಗೆ ಬಹುತೇಕ ಎಲ್ಲಾ ಹೋದ್ವು, ಉಗುರಿಗೆ ಸಿಗೂವು ಎರಡ ಮೂರ ಉಳದಾವು. ಮೈಕ್ರೋಫೈಬರ್ ಹಚ್ಚೂ ಪ್ರಸಂಗ ಬರಲಿಲ್ಲ. ಆದ್ರ ಕಾಂಪೌಂಡ್ ಲಗೂನ ಒಣಗಿ ಪುಡಿ ಪುಡಿ ಹಾರ್ತೈತಿ, ಒರಸಿದ ಮ್ಯಾಲೆ ಕಪ್ಪಿನ ಮ್ಯಾಲೆ ಮಂಜ ಕವದಂಗ ಐತಿ. ಇದು ಸರಿ ಐತೇನ್ರಿ?

ಚಿಂಚವಾಡ್ ವೀಕೆಂಡ್ ಗ್ಯಾರೇಜ್

ತುಂಬಾ ಖುಷಿ ಆಯ್ತು ಓದಿ. 95 ಅಂದ್ರೆ ಜಾಸ್ತಿ ಇಲ್ಲ, ಹಾಗಾಗಿ ಬಾನೆಟ್‌ಗೆ ಕಟಿಂಗ್ ಒಂದೇ ಸುತ್ತು, ಎರಡನೇ ಸುತ್ತಿಗೆ ಹೋಗ್ಬೇಡಿ, ಉಳಿದ ಗೆರೆ ಉಳೀಲಿ. ಆ 270ರ ಬಾಗಿಲನ್ನ ದಪ್ಪ ಇದೆ ಅಂತ ಜೋರಾಗಿ ಉಜ್ಜಬೇಡಿ, ಆ ದಪ್ಪದಲ್ಲಿ ಪುಟ್ಟಿ, ಪ್ರೈಮರ್ ಎಷ್ಟೋ ಕ್ಲಿಯರ್ ಎಷ್ಟೋ ಗೇಜ್ ಹೇಳಲ್ಲ, ಅದಕ್ಕೆ ಬೇರೆ ಟೆಸ್ಟ್ ಜಾಗ ಮಾಡಿ.

ಮಂಜಿನ ಥರ ಕಾಣೋದಕ್ಕೆ ಹೆದರಬೇಡಿ, ಕಪ್ಪು ಮೆತ್ತನೆ ಪೇಂಟಲ್ಲಿ ಕಟಿಂಗ್ ಆದ್ಮೇಲೆ ಹಾಗೇ ಆಗೋದು, ಹೊಸ ಫಿನಿಶಿಂಗ್ ಪ್ಯಾಡಲ್ಲಿ ಎಂ205 ಕಮ್ಮಿ ಒತ್ತಡದಲ್ಲಿ ಹೊಡೀರಿ, ಹೋಗುತ್ತೆ. ಕಟಿಂಗಿಗೆ ಬಳಸಿದ ಪ್ಯಾಡನ್ನ ಫಿನಿಶಿಂಗಿಗೆ ತಗೋಬೇಡಿ, ತೊಳೆದಿದ್ರೂ ಬೇಡ. ಪುಡಿ ಹಾರೋದು ಎಂ105ನ ಸ್ವಭಾವ, ಬಿಸಿ ಪ್ಯಾನೆಲಲ್ಲಿ ಇನ್ನೂ ಜಾಸ್ತಿ, ಟೆಸ್ಟ್ ಮಾಡಿದ ಚೌಕಕ್ಕಿಂತ ಚಿಕ್ಕ ಜಾಗ ತಗೊಳ್ಳಿ, ಬಟಾಣಿ ಕಾಳಿನಷ್ಟು ನಾಲ್ಕು ಹನಿ ಸಾಕು, ಪ್ರತಿ ಚೌಕ ಆದ್ಮೇಲೆ ಪ್ಯಾಡನ್ನ ನೈಲಾನ್ ಬ್ರಶ್ಶಲ್ಲಿ ಉಜ್ಜಿ ಸತ್ತ ಕಾಂಪೌಂಡ್ ತೆಗೀರಿ. ಬಾನೆಟ್ ಒಂದಕ್ಕೇ ಒಂದು ಪ್ಯಾಡ್ ಒದ್ದೆಯಾಗಿ ಮೆತ್ತಗಾಗುತ್ತೆ, ಆಗ ಬದಲಾಯಿಸಿ, ಮೂರು ಬೇಕು ಅಂದಿದ್ದು ಅದಕ್ಕೇ. ಎಲ್ಲಾ ಮುಗಿದ್ಮೇಲೆ ಆಲ್ಕೋಹಾಲಲ್ಲಿ ಒರೆಸಿ ಸೀಲೆಂಟ್ (ಪೇಂಟ್ ಕಾಯೋ ಲೇಪನ) ಹಚ್ಚಿ, ಜೂನ್ ಮಳೆಗೆ ಮುಂಚೆ ಇನ್ನೊಂದು ಕೋಟ್.

ಡೊಂಬಿವಲಿ ಹುಬ್ಬಳ್ಳಿಯಾಂವ

ಆತ್ರಿ ಅಣ್ಣಾರ. ಬರೂ ಭಾನುವಾರ ಬಲಗಡೆ ಬಾಗಿಲಾ ಎರಡೂ ಮಾಡ್ತೇನಿ, ಟಾಪ್ ಅದರ ಮುಂದಿನ ವಾರ. ದೀಪಾವಳಿಗೆ ಅಪ್ಪಾರು ಇಲ್ಲಿಗೆ ಬರೋರದಾರ, ಅಷ್ಟ್ರಾಗ ಮುಗಸ್ತೇನಿ. ಆ ಪೊರಿ ಎದ್ದ ಜಾಗ ಹಂಗs ಇರ್ಲಿ, ಸಂಬಳ ಆದಮ್ಯಾಲೆ ಟಾಪ್ ಪೂರಾ ಪೇಂಟ್ ಮಾಡಸ್ತೇನಿ.