ಒಂದು ಫೋರ್ಕ್ ತಗ್ಗು, ಚೈನ್ ಮೂರು ಸಲ ಬಿಗಿ ಮಾಡಿದ್ದಾಯ್ತು

ಗೋಡೌನ್‌ಹುಡುಗ:
ತಲೆ ಕೆಟ್ಟುಹೋಗಿದೆ. ದಿನಾ ಫೋರ್ಕ್‌ಲಿಫ್ಟ್ ತೆಗೆಯುವ ಮುಂಚೆ ಬ್ರೇಕ್, ಹಾರ್ನ್, ಟೈರ್, ಆಯಿಲ್ ಎಲ್ಲ ನೋಡುತ್ತೇನೆ. ಎಲ್ಲ ಸರಿ. ಆದರೆ ಸರಕು ಎತ್ತುವ ಎರಡು ಫೋರ್ಕ್‌ಗಳಲ್ಲಿ ಬಲಗಡೆಯದರ ತುದಿ ತಗ್ಗು. ಪ್ಯಾಲೆಟ್‌ಗೆ ನುಗ್ಗಿಸಿದರೆ ಹಲಗೆ ಕಿತ್ತುಬರುತ್ತದೆ. ಏನು ಮಾಡಲಿ?

ಪೀಣ್ಯಡೀಸೆಲ್:
ಚೈನೇ. ಕಣ್ಣು ಮುಚ್ಚಿ ಹೇಳುತ್ತೇನೆ. ಫೋರ್ಕ್ ಎತ್ತುವ ಚೈನ್ 3% ಉದ್ದವಾದರೆ ಎಸೆಯಬೇಕು, ಸುಮ್ನೆ ಬಿಗಿ ಮಾಡಿದರೆ ಆಗಲ್ಲ.

ಹಳೇಮೆಕ್ಯಾನಿಕ್:
ಎಷ್ಟು ತಗ್ಗು? ಎಷ್ಟು ಟನ್ ಗಾಡಿ? ಏನೂ ಬರೆಯದಿದ್ದರೆ ಹೇಗೆ ಮಾರಾಯ್ರೆ?

ಗೋಡೌನ್‌ಹುಡುಗ:
ಮಾಮೂಲಿ 3 ಟನ್ ಡೀಸೆಲ್. ಫೋರ್ಕ್ 1070 ಮಿ.ಮೀ. ಎರಡೂ ತುದಿ ನೆಲದಿಂದ ಅಳೆದೆ, 38 ಮಿ.ಮೀ. ವ್ಯತ್ಯಾಸ.

ಹಳೇಮೆಕ್ಯಾನಿಕ್:
ಫೋರ್ಕ್ ಉದ್ದದ 3% ದಾಟಬಾರದು. ನಿಮ್ಮದಕ್ಕೆ 32. ಮೊದಲು ಗಾಡಿ ನಿಲ್ಲಿಸಿ. ಆಮೇಲೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ತಗ್ಗೂ ಜೊತೆಗೇ ಎಡಕ್ಕೆ ಹೋದರೆ ಫೋರ್ಕ್ ಬಾಗಿದೆ. ಬಲಕ್ಕೇ ಉಳಿದರೆ ಕ್ಯಾರೇಜ್ (ಫೋರ್ಕ್ ನೇತುಹಾಕುವ ಚೌಕಟ್ಟು), ಇಲ್ಲವೇ ಚೈನ್. ಒಬ್ಬರೇ ಎತ್ತೋಕೆ ಹೋಗಬೇಡಿ. ಹಾಗೇ ಫೋರ್ಕ್ ಬಾಗುವ ಮೂಲೆಗೆ ವರ್ನಿಯರ್ ಹಿಡಿದು ದಪ್ಪ ಅಳೆಯಿರಿ. ನೆಟ್ಟಗಿನ ಭಾಗ 45 ಮಿ.ಮೀ. ಇದ್ದು ಮೂಲೆ 40.5ಕ್ಕೆ ಇಳಿದಿದ್ದರೆ ಆ ಫೋರ್ಕ್ ಮುಗಿಯಿತು.

ಬ್ಯಾಟರಿಪ್ರಿಯ:
ನಮ್ಮಲ್ಲಿ ಎಲ್ಲ 48 ವೋಲ್ಟ್ ಬ್ಯಾಟರಿ ಗಾಡಿಗಳು. ಹೊಗೆ ಇಲ್ಲ, ಸದ್ದಿಲ್ಲ. ಚಾರ್ಜಿಗೆ ಹಾಕುವ ಮುಂಚೆ ಮೂತಿ ತನಕ ನೀರು ತುಂಬಿಸುತ್ತೇವೆ, ಅಷ್ಟೇ ಕೆಲಸ.

ಪೀಣ್ಯಡೀಸೆಲ್:
ಮುಂಚೆ ತುಂಬಿಸಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಚಾರ್ಜ್ ಆದ ಮೇಲೆ ಹಾಕಬೇಕು. ಮತ್ತೆ, ಇದು ಚೈನೇ.

ಬ್ಯಾಟರಿಪ್ರಿಯ:
ನಮಗೆ ಇಷ್ಟು ದಿನ ಏನೂ ಆಗಿಲ್ಲ ಸಾರ್.

ಪೀಣ್ಯಡೀಸೆಲ್:
ಬ್ಯಾಟರಿ ಕೂರುವ ಟ್ರೇ ಬಿಚ್ಚಿ ನೋಡಿದ್ದೀರಾ?

ಹಳೇಮೆಕ್ಯಾನಿಕ್:
ಆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಗೋಡೌನ್‌ಹುಡುಗ:
ಅದಲು ಬದಲು ಮಾಡಿದೆ. ತಗ್ಗು ಎಡಕ್ಕೆ ಬಂತು. ಹೇಳೋಕೆ ಮರೆತಿದ್ದೆ, ಆ ಫೋರ್ಕ್ ಹೋದ ತಿಂಗಳು ಗುಜರಿಯಿಂದ ತಂದದ್ದು. ಹಳೇದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಹಳೇಮೆಕ್ಯಾನಿಕ್:
ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಫೋರ್ಕ್ ಯಾವತ್ತೂ ಜೋಡಿಯಾಗಿಯೇ ಬದಲಿಸಬೇಕು. ಕಾಯಿಸಿ ಬಡಿದು ನೆಟ್ಟಗೆ ಮಾಡಿಸಬೇಡಿ, ಉಕ್ಕಿನ ಹದ ಹೋಗುತ್ತದೆ.

ಗೋಡೌನ್‌ಹುಡುಗ:
ಓನರ್ "ಒಂದೇ ತಗೊಂಡ್ರೆ ಸಾಕು" ಅಂತಿದ್ದಾರೆ. ಸದ್ಯಕ್ಕೆ ಗಾಡಿ ಕೀ ನನ್ನ ಜೇಬಲ್ಲಿದೆ.

ಪೀಣ್ಯಡೀಸೆಲ್:
ಮೂರು ಸಲ ಬಿಗಿ ಮಾಡಿದಿರಲ್ಲ, ಈಗ ಎರಡು ಚೈನೂ ಸಮ ಇರಲ್ಲ. ಅದನ್ನೂ ಸರಿ ಮಾಡಿ. ಚೈನ್ ಅಂತ ನಾನು ಹೇಳಿದ್ದೆ.